ಕಲ್ಲಿಗೆ ದಕ್ಕದ ಬಾಳು

ಸತ್ತವರನ್ನು ನೆನೆಯುವ ವಿಷಯದಲ್ಲಿ ಕನ್ನಡ ನಾಡು ಎಂದೂ ಕೈ ಹಿಡಿದುದಿಲ್ಲ. ತುರುಗೋಳಿನಲ್ಲಿ ಮಡಿದವನಿಗೂ, ಊರಳಿವಿನಲ್ಲಿ ಕಾದಿ ಬಿದ್ದವನಿಗೂ, ಹುಲಿಯೊಡನೆ ಸೆಣಸಿ ಪ್ರಾಣ ಬಿಟ್ಟವನಿಗೂ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ಮನುಷ್ಯರ ಮಾತಂತಿರಲಿ, ನಾಯಿಯೊಂದಕ್ಕೂ ಕಲ್ಲು ನಿಲ್ಲಿಸಿದ ನಾಡು ಇದು. ತಕ್ಕೋಲದ ಕದನದಲ್ಲಿ ಮೆರೆದ ಮಣಲೇರನು ಗಂಗರ ಬೂತುಗನಿಂದ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದುದೂ, ಆ ನಾಯಿ ಹಂದಿಯೊಡನೆ ಹೋರಾಡಿ ಹಂದಿಯನ್ನು ಕೊಂದು ತಾನೂ ಸತ್ತುದೂ ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ ಅಚ್ಚೊತ್ತಿ ನಿಂತಿವೆ. ಆ ಕಲ್ಲನ್ನು ಪೂಜಿಸದೆ ಉಂಡವನಿಗೆ ನಾಯಿಯ ಪಾಪ ತಗಲುವುದೆಂದೂ ಅಲ್ಲಿ ಬರೆದಿದೆ. ಮರೆವನ್ನೇ ಪಾಪವೆಂದು ಎಣಿಸಿದ ಸಂಸ್ಕೃತಿ ನಮ್ಮದು.

ಇಂಥ ನಾಡಿನ ಕಡಲಂಚಿನಲ್ಲಿ, ಅಂಕೋಲೆಯ ಭಾವಿಕೇರಿಯಂಥ ಊರಿನಲ್ಲಿ ನಿಂತು ನೋಡಿದಾಗ, ನೆನಪಿನ ಈ ಪರಂಪರೆ ಒಂದು ವರ್ಗದ ಜನರ ಹತ್ತಿರ ಬಂದು ಥಟ್ಟನೆ ನಿಂತುಬಿಟ್ಟಿರುವುದು ಕಾಣುತ್ತದೆ. ಅವರು ಜಲಾಂತರ್ಗಾಮಿಗಳಲ್ಲಿ, ಎಂದರೆ ಸಬ್‌ಮರೀನುಗಳಲ್ಲಿ, ದುಡಿದು ನಿವೃತ್ತರಾಗಿ, ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿರುವ ನಾವಿಕರು. ಉತ್ತರಕ್ಕೆ ಅರಗದಲ್ಲಿ ಕದಂಬ ನೌಕಾನೆಲೆಯಿದೆ. 1986ರಲ್ಲಿ ಅದಕ್ಕೆ ಅಡಿಗಲ್ಲು ಬಿದ್ದಿತು. 2005ರಲ್ಲಿ ಅದು ಸೇವೆಗೆ ತೆರೆದುಕೊಂಡಿತು. ಕಾರವಾರದ ಕಡಲದಂಡೆಯಲ್ಲಿ ಚಪಲ್ ಎಂಬ ಯುದ್ಧನೌಕೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಹಡಗನ್ನು ನೋಡಲು ಮಕ್ಕಳು ಸಾಲುಗಟ್ಟುತ್ತಾರೆ. ಹಡಗಿನ ಒಳಗೆ ಬಾಳಿದ ಮನುಷ್ಯನನ್ನು ಕುರಿತು ಕೇಳುವವರು ವಿರಳ.

ಭಾರತದ ಮೊದಲ ಸಬ್‌ಮರೀನು ಕಲ್ವರಿ 1967ನೆಯ ಡಿಸೆಂಬರ್ 8ರಂದು ಆಗಿನ ಸೋವಿಯತ್ ಒಕ್ಕೂಟದ ರೀಗಾ ಬಂದರಿನಲ್ಲಿ ನಮ್ಮ ಧ್ವಜವನ್ನೇರಿಸಿತು. ಕಮಾಂಡರ್ ಕೆ. ಎಸ್. ಸುಬ್ರಮಣಿಯನ್ ಅದರ ಮೊದಲ ನಾಯಕರು. ನೌಕಾದಳವು ಆ ದಿನವನ್ನು ಸಬ್‌ಮರೀನು ದಿನವೆಂದು ಇಂದಿಗೂ ಆಚರಿಸುತ್ತದೆ. ಅಂದು ಇಪ್ಪತ್ತು ಇಪ್ಪತ್ತೈದರ ತರುಣರಾಗಿದ್ದವರು ಈಗ ಎಂಬತ್ತರ ಆಸುಪಾಸಿನವರು. ಅರಿತವರು ಅಗಲುವ ಕಾಲ ಇದು. ಅವರು ಅಗಲಿದಾಗ ಪತ್ರಿಕೆಯ ನಿಧನವಾರ್ತೆಯಲ್ಲಿ ‘ನೌಕಾದಳದಲ್ಲಿ ಸೇವೆ ಸಲ್ಲಿಸಿದ್ದ ಇವರು ಪತ್ನಿ, ಮಕ್ಕಳು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ’ ಎಂಬಷ್ಟು ಬರುತ್ತದೆ. ಊರ ಬಾಯಲ್ಲಿ ಅವರು ‘ನೇವಿಯಲ್ಲಿದ್ದವರು’. ಹದಿನೈದು ಇಪ್ಪತ್ತು ವರ್ಷಗಳ ಬಾಳು ಈ ಒಂದು ಪದದಲ್ಲಿ ಮುಗಿದುಹೋಗುತ್ತದೆ.

ಆ ಬಾಳು ಎಂಥದಿತ್ತು? ಕಲ್ವರಿಯ ವರ್ಗದ ನೌಕೆಯ ಉದ್ದ ಸುಮಾರು 91 ಮೀಟರು. ಅದರೊಳಗೆ ಟಾರ್ಪೆಡೊಗಳು, ಡೀಸೆಲ್ ಎಂಜಿನುಗಳು, ಬ್ಯಾಟರಿಗಳ ಸಾಲು, ಇವೆಲ್ಲ ಬಿಟ್ಟು ಉಳಿದ ಸಂದುಗೊಂದಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ. ಕಾವಲು ಮುಗಿಸಿ ಬಂದವನು, ಕಾವಲಿಗೆ ಎದ್ದುಹೋದವನ ಬಿಸಿ ಆರದ ಹಾಸಿಗೆಯಲ್ಲಿ ಮಲಗಬೇಕು. ನಾಲ್ಕು ಕಡೆಯೂ ನೀರೇ ನೀರು. ಆದರೆ ಮೀಯಲು ನೀರಿಲ್ಲ. ಸೂರ್ಯ ಮೂಡಿದನೋ ಮುಳುಗಿದನೋ ತಿಳಿಯುವುದು ಗಡಿಯಾರದಿಂದ ಮಾತ್ರ. ಬ್ಯಾಟರಿ ಬಲಗುಂದಿದಾಗ ಉಸಿರುಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಎಂಜಿನಿಗೆ ಗಾಳಿ ಕೊಡಬೇಕು. ಶತ್ರು ಕಾಣುವ ಭಯವಿರುವ ಗಳಿಗೆಯೇ ಅದು. ಕೈಜಾರಿ ಬಿದ್ದ ಒಂದು ಪಾನೆಯ ಸದ್ದು ಎಲ್ಲರ ಪ್ರಾಣಕ್ಕೂ ಎರವಾಗಬಹುದು. ಹೀಗಾಗಿ ಮೌನವು ಅಲ್ಲಿ ಸಾಧಕನ ವ್ರತವಲ್ಲ, ಬದುಕಿನ ನಿಯಮ.

ಈ ಮೌನವೇ ನಮ್ಮ ಮರೆವಿಗೂ ಮೊದಲ ಕಾರಣವೆಂದು ನನಗೆ ತೋರುತ್ತದೆ. ಎಲ್ಲಿಗೆ ಹೋಗುವೆ, ಎಂದು ಬರುವೆ ಎಂಬುದನ್ನು ಮಡದಿಗೂ ಹೇಳಲಾಗದ ಉದ್ಯೋಗ ಅದು. ವರ್ಷಗಟ್ಟಲೆ ನಾಲಗೆಗೆ ಕಟ್ಟಿದ ಕಟ್ಟು ನಿವೃತ್ತಿಯ ಪತ್ರ ಕೈಗೆ ಬಂದ ದಿನವೇ ಬಿಚ್ಚಿಕೊಳ್ಳುವುದಿಲ್ಲ. ಊರಿಗೆ ಬಂದವರು ಗದ್ದೆ ನೋಡಿಕೊಂಡರು. ಮಕ್ಕಳ ಮದುವೆ ಮಾಡಿದರು. ಕಟ್ಟೆಯ ಮೇಲೆ ಕೂತು ಮಳೆ ಬೆಳೆಯ ಮಾತಾಡಿದರು. ಕಡಲಿನ ಮಾತು ಆಡಲಿಲ್ಲ. ನಾವೂ ಕೇಳಲಿಲ್ಲ.

ಎರಡನೆಯ ಕಾರಣ ಇನ್ನೂ ಆಳದ್ದು. 1971ರ ಯುದ್ಧಕಾಲದಲ್ಲಿ ನಮ್ಮ ಕರಂಜ್, ಕುರ್ಸುರಾ ಎಂಬ ಸಬ್‌ಮರೀನುಗಳು ಅರಬ್ಬೀ ಸಮುದ್ರದಲ್ಲಿ ಗಸ್ತು ತಿರುಗಿದುವು. ಒಂದು ಹಡಗನ್ನೂ ಮುಳುಗಿಸದೆ ಮರಳಿದುವು. ಅದೇ ಡಿಸೆಂಬರ್ 9ರ ರಾತ್ರಿ ದೀವ್ ಬಳಿ ಪಾಕಿಸ್ತಾನದ ಹಂಗೋರ್ ಎಂಬ ಸಬ್‌ಮರೀನು ನಮ್ಮ ಖುಕ್ರಿಯನ್ನು ಮುಳುಗಿಸಿತು. ಹದಿನೆಂಟು ಅಧಿಕಾರಿಗಳೂ 176 ನಾವಿಕರೂ ಜಲಸಮಾಧಿಯಾದರು. ಹಡಗನ್ನು ತೊರೆಯದೆ ಅದರೊಡನೆಯೇ ಮುಳುಗಿದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ಹೆಸರು ಪಠ್ಯಪುಸ್ತಕ ಸೇರಿತು, ಸೇರತಕ್ಕದ್ದೇ. ಆದರೆ ಕುರ್ಸುರಾದೊಳಗೆ ಕಿವಿಗೊಟ್ಟು, ಉಸಿರು ಬಿಗಿಹಿಡಿದು, ಏನೂ ನಡೆಯದಂತೆ ಕಾದು ಬಂದವನ ಕಥೆಯನ್ನು ಬರೆಯುವುದು ಹೇಗೆ? ಏನೂ ನಡೆಯಲಿಲ್ಲ ಎಂಬುದೇ ಅವನ ಕೆಲಸದ ಸಾರ್ಥಕತೆ.

ವೀರಗಲ್ಲಿನ ರಚನೆಯನ್ನು ವಾಚಕರು ಬಲ್ಲರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ದೇವಸನ್ನಿಧಿ. ಕಾಳಗವಿಲ್ಲದೆ ಮೇಲಿನೆರಡು ಪಟ್ಟಿಕೆಗಳಿಗೆ ಏಣಿಯೇ ಇಲ್ಲ. ಕಾದು ಮಡಿದವನು ಕಲ್ಲಿಗೆ ದಕ್ಕಿದ. ಕಾಯುತ್ತ ಬಾಳಿದವನು ದಕ್ಕಲಿಲ್ಲ. ನಮ್ಮ ಇಂದಿನ ಸ್ಮಾರಕಗಳೂ ಬಹುಮಟ್ಟಿಗೆ ಅದೇ ಶಿಲ್ಪಶಾಸ್ತ್ರವನ್ನು ಅನುಸರಿಸಿವೆ. 1961ನೆಯ ಡಿಸೆಂಬರ್ 18ರಂದು ಕಾರವಾರದೆದುರಿನ ಅಂಜದೀವದಲ್ಲಿ ಪೋರ್ಚುಗೀಜರೊಡನೆ ಕಾದಿ ಮಡಿದ ಏಳು ಮಂದಿ ನಾವಿಕರಿಗೆ ಗೋವೆಯ ಗೋಮಂತಕ ನೌಕಾನೆಲೆಯಲ್ಲಿ ಸ್ಮಾರಕವಿದೆ. 2013ನೆಯ ಆಗಸ್ಟ್ 14ರ ನಡುರಾತ್ರಿಯ ಸುಮಾರಿಗೆ ಮುಂಬಯಿಯ ನೌಕಾಂಗಣದಲ್ಲಿ ಸಿಂಧುರಕ್ಷಕ್ ಸಿಡಿದು ಮುಳುಗಿ ಹದಿನೆಂಟು ಜನ ಸತ್ತಾಗ ದೇಶವೇ ಮರುಗಿತು. ಮುಂದಿನ ವರ್ಷ ಸಿಂಧುರತ್ನದ ಬೆಂಕಿ ಇಬ್ಬರು ಅಧಿಕಾರಿಗಳನ್ನು ಬಲಿಗೊಂಡಾಗಲೂ ಮರುಗಿತು. ಈ ಮರುಕ ಕಪಟವಲ್ಲ. ಆದರೆ ಸಾವಿನ ರೀತಿ ನಮ್ಮ ಕಣ್ಣನ್ನು ಸೆಳೆದಷ್ಟು ಬಾಳಿನ ರೀತಿ ಸೆಳೆಯಲಿಲ್ಲ ಎಂಬುದು ನನ್ನ ದೂರು. ಅದೇ ಅಪಾಯದಲ್ಲಿ ಹತ್ತಾರು ವರ್ಷ ಬಾಳಿ, ಬದುಕಿ ಬಂದು, ತನ್ನ ಮನೆಯ ಜಗಲಿಯ ಮೇಲೆ ಕಣ್ಣು ಮುಚ್ಚಿದವನು ಕಡಿಮೆಯವನೇ?

ನೌಕೆಗಳಿಗಾದರೂ ಪುನರ್ಜನ್ಮವುಂಟು. 1974ರಲ್ಲಿ ಸೇವೆಗೆ ಬಂದ ವಾಗ್‌ಶೀರ್ ಎಂಬ ಸಬ್‌ಮರೀನು 1997ರಲ್ಲಿ ನಿವೃತ್ತವಾಯಿತು. ಅದೇ ಹೆಸರಿನ ಹೊಸ ನೌಕೆ 2025ನೆಯ ಜನವರಿಯಲ್ಲಿ ಮುಂಬಯಿಯಲ್ಲಿ ಸೇವೆಗೆ ಸೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ನಮ್ಮ ಕಾರವಾರದಿಂದಲೇ ಆ ನೌಕೆಯಲ್ಲಿ ಸಂಚರಿಸಿದರು. ಅವರಿಗಿಂತ ಮೊದಲು 2006ರಲ್ಲಿ ಅಬ್ದುಲ್ ಕಲಾಮರು ವಿಶಾಖಪಟ್ಟಣದಲ್ಲಿ ಸಬ್‌ಮರೀನಿನಲ್ಲಿ ಕಡಲಿಗಿಳಿದಿದ್ದರು. ಅವರನ್ನು ಹೊತ್ತ ನೌಕೆ ಮುಂದೆ ಸಿಡಿದು ಹಾಳಾದ ಆ ಸಿಂಧುರಕ್ಷಕ್ಕೇ. ಪತ್ರಿಕೆಗಳು ಚಿತ್ರಗಳನ್ನು ಅಚ್ಚುಮಾಡಿದುವು, ನಾವು ಹೆಮ್ಮೆಪಟ್ಟೆವು. ಹಳೆಯ ವಾಗ್‌ಶೀರಿನಲ್ಲಿ ದುಡಿದವರು ಯಾರು, ಅವರಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಲಿಲ್ಲ. ಹೆಸರು ಮರಳಿ ಬಂದಿತು. ಹೆಸರಿಗೆ ಮಾನ ತಂದವರು ಮರಳಿ ಬರಲಾರರು.

ಇಲ್ಲಿ ಮೂರು ಆಕ್ಷೇಪಗಳನ್ನು ಊಹಿಸಬಲ್ಲೆ. ಇವರ ಕೆಲಸವೇ ರಹಸ್ಯದ್ದು, ಬರೆಯುವುದೇನನ್ನು ಎಂಬುದು ಮೊದಲನೆಯದು. ನೌಕೆ ಎಷ್ಟು ಆಳಕ್ಕೆ ಇಳಿಯಿತು, ಎಲ್ಲಿ ಅಡಗಿತು ಎಂಬುದು ನಮಗೆ ಬೇಡ. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ಹುಡುಗನು ಆ ಕಬ್ಬಿಣದ ಹೊಟ್ಟೆಯಲ್ಲಿ ಏನನ್ನು ಉಂಡ, ಮನೆಯಿಂದ ಬಂದ ಕಾಗದವನ್ನು ಎಷ್ಟು ಸಲ ಓದಿದ, ತಂದೆ ತೀರಿಕೊಂಡ ಸುದ್ದಿ ಎಷ್ಟು ದಿನದ ಮೇಲೆ ತಲುಪಿತು, ಭಾಷೆ ತಿಳಿಯದ ಜೊತೆಗಾರನೊಡನೆ ಸ್ನೇಹ ಹೇಗೆ ಬೆಳೆಯಿತು, ಅವನಿಲ್ಲದ ತಿಂಗಳುಗಳಲ್ಲಿ ಅವನ ಮಡದಿ ಮನೆಯನ್ನು ಹೇಗೆ ನಡೆಸಿದಳು ಎಂಬುದು ಬೇಕು. ಇವುಗಳಲ್ಲಿ ಯಾವ ರಾಜ್ಯರಹಸ್ಯವೂ ಇಲ್ಲ; ಮನುಷ್ಯನ ರಹಸ್ಯ ಮಾತ್ರ ಇದೆ. ಸಾಹಿತ್ಯಕ್ಕೆ ಬೇಕಾದದ್ದೂ ಅದೇ.

ಎರಡನೆಯ ಆಕ್ಷೇಪ ನಮ್ಮ ಸೀಮೆಗೇ ಸಂಬಂಧಿಸಿದ್ದು. ಅದನ್ನು ಹಗುರಾಗಿ ಕಾಣಲಾಗದು. ಕದಂಬ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ತಾಲೂಕುಗಳ ನಾಲ್ಕು ಸಾವಿರಕ್ಕೂ ಮಿಕ್ಕ ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ, ದೋಣಿ ಎಳೆಯುವ ದಂಡೆ ಎಲ್ಲವನ್ನೂ ಬಿಟ್ಟುಕೊಟ್ಟುವು. ಪರಿಹಾರಕ್ಕಾಗಿ ಅವರು ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ‘ನಿರಾಶ್ರಿತ’ ಎಂಬ ಪದ ಈ ಕರಾವಳಿಯ ಮನೆಮಾತಾಯಿತು. ಈಚೆಗೆ ಅಲಗೇರಿಯ ಸುತ್ತಿನ ನೆಲವೂ ವಿಮಾನನಿಲ್ದಾಣದ ಯೋಜನೆಗೆ ಒಳಗಾಗಿದೆ. ಹೀಗಿರುವಾಗ ನೌಕಾದಳದವರನ್ನು ನೆನೆಯಿರೆಂದರೆ ನೊಂದವರ ಗಾಯಕ್ಕೆ ಉಪ್ಪು ಸವರಿದಂತಾಗದೇ? ಆಗಬೇಕಾಗಿಲ್ಲ. ನೆಲ ಬಿಟ್ಟುಕೊಟ್ಟ ರೈತನೂ ನೀರಿನಡಿಗೆ ಇಳಿದ ನಾವಿಕನೂ ಒಂದೇ ಬಗೆಯ ಜನ. ಇಬ್ಬರ ತ್ಯಾಗವನ್ನೂ ಭಾಷಣದಲ್ಲಿ ಹೊಗಳಿ ಬಾಳಿನಲ್ಲಿ ಮರೆಯಲಾಗಿದೆ. ಒಬ್ಬನ ನೆನಪು ಇನ್ನೊಬ್ಬನ ನೆನಪಿಗೆ ಹಗೆಯಲ್ಲ. ಅರಗದಲ್ಲಿ ಮನೆ ಕಳೆದುಕೊಂಡ ಮುದುಕಿಯ ಮಾತನ್ನು ಬರೆದುಕೊಳ್ಳುವ ಕೈಯೇ ಸಬ್‌ಮರೀನಿನಲ್ಲಿದ್ದ ಮುದುಕನ ಮಾತನ್ನೂ ಬರೆದುಕೊಳ್ಳಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಬರೆದರೆ ಅದು ಈ ಊರಿನ ಚರಿತ್ರೆಯಾಗುವುದಿಲ್ಲ.

ಮೂರನೆಯದು, ಇದರಿಂದ ಯುದ್ಧದ ವೈಭವೀಕರಣವಾದೀತು ಎಂಬ ಭಯ. ನೀರಿನ ಕೆಳಗಿನ ಜನರ ನಡುವೆ ಈ ಭಯಕ್ಕೆ ಎಡೆ ಕಡಿಮೆ. 1971ರ ಡಿಸೆಂಬರ್ ಮೊದಲ ವಾರದಲ್ಲಿ ವಿಶಾಖಪಟ್ಟಣದ ಹೊರಗೆ ಪಾಕಿಸ್ತಾನದ ಘಾಜಿ 93 ಜನರೊಡನೆ ಮುಳುಗಿತು. 2024ರಲ್ಲಿ ನಮ್ಮ ನೌಕಾದಳ ಅದರ ಅವಶೇಷವನ್ನು ಗುರುತಿಸಿದ ಸುದ್ದಿ ಬಂದಿತು. ಮಡಿದವರ ಮೇಲಿನ ಗೌರವದಿಂದ ಅದನ್ನು ಮುಟ್ಟದೆ ಬಿಟ್ಟುದಾಗಿಯೂ ತಿಳಿಯಿತು. ಎರಡನೆಯ ಮಹಾಯುದ್ಧದಲ್ಲಿ 52 ಸಬ್‌ಮರೀನುಗಳನ್ನು ಕಳೆದುಕೊಂಡ ಅಮೆರಿಕದಲ್ಲಿ, ಮುಳುಗಿದ ನೌಕೆಗಳ ಹೆಸರನ್ನು ಒಂದೊಂದಾಗಿ ಓದಿ ಒಂದೊಂದಕ್ಕೂ ಗಂಟೆ ಬಾರಿಸುವ ಪದ್ಧತಿಯಿದೆ. ಆ ನೌಕೆಗಳು ಕೊನೆಯಿಲ್ಲದ ಗಸ್ತಿನಲ್ಲಿವೆ ಎಂದು ಅವರು ಹೇಳುತ್ತಾರೆ. 2000ದಲ್ಲಿ ರಷ್ಯದ ಕುರ್ಸ್ಕ್ 118 ಜನರೊಡನೆ, 2021ರಲ್ಲಿ ಇಂಡೋನೇಷ್ಯದ ನಂಗಲಾ 53 ಜನರೊಡನೆ ಮುಳುಗಿದಾಗ ಶೋಕಕ್ಕೆ ಗಡಿಯಿರಲಿಲ್ಲ. ಆಳದಲ್ಲಿ ಎಲ್ಲರಿಗೂ ಒಂದೇ ಕತ್ತಲೆ ಎಂಬುದನ್ನು ಆ ಜನ ಬಲ್ಲರು. ಅವರ ನೆನಪು ಹಗೆತನವನ್ನು ಕಲಿಸುವುದಕ್ಕಿಂತ ಸಂಯಮವನ್ನು ಕಲಿಸುವುದೇ ಹೆಚ್ಚು.

ಹಾಗಾದರೆ ಮಾಡಬೇಕಾದುದೇನು? ಇನ್ನೊಂದು ಪ್ರತಿಮೆ, ಇನ್ನೊಂದು ವೃತ್ತದ ನಾಮಕರಣ ಬೇಡವೆಂಬುದು ನನ್ನ ಅಭಿಪ್ರಾಯ. ಕಲ್ಲಿಗೆ ದಕ್ಕದ ಬಾಳನ್ನು ಗದ್ಯವೇ ಹಿಡಿಯಬೇಕು. ಇದಕ್ಕೆ ನಮ್ಮ ನೆರೆಯಲ್ಲೇ ಮೇಲ್ಪಂಕ್ತಿಗಳಿವೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ನೆಯ ಫೆಬ್ರುವರಿಯಲ್ಲಿ ತೀರಿಕೊಂಡರು. ಅಕ್ಷರ ಕಲಿಯದ ಆ ತಾಯಿಯ ನೆನಪಿನಲ್ಲಿದ್ದ ಹಾಲಕ್ಕಿ ಹಾಡುಗಳು ಅವರೊಡನೆ ಮಣ್ಣಾಗಲಿಲ್ಲ. ಅವರ ಬಳಿ ಕುಳಿತು ಕೇಳಿದವರೂ ಬರೆದುಕೊಂಡವರೂ ಇದ್ದರು. ಅಲಗೇರಿಯ ದಿನಕರ ದೇಸಾಯಿಯವರನ್ನು ಚುಟುಕಗಳ ಕವಿಯೆಂದು ನಾವೆಲ್ಲ ಬಲ್ಲೆವು. ಮುಂಬಯಿಯಲ್ಲಿ ಹಡಗಿನ ಕೆಲಸಗಾರರ ಸಂಘಟನೆಯಲ್ಲಿ ಅವರು ದುಡಿದುದನ್ನೂ, ಭಾರತದ ನಾವಿಕ ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು 1940ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವನ್ನೇ ಬರೆದುದನ್ನೂ ಬಲ್ಲವರು ಕಡಿಮೆ. ನಾವಿಕನನ್ನು ಹತ್ತಿರದಿಂದ ಕಂಡ ಕವಿಯೊಬ್ಬರು ಈ ಮಣ್ಣಿನಲ್ಲೇ ಹುಟ್ಟಿದ್ದರು.

ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ವಿದ್ಯಾರ್ಥಿಗಳಿಂದ ಪ್ರಬಂಧ ಬರೆಯಿಸುತ್ತವೆ. ಅಚ್ಚಾದ ಪುಸ್ತಕದಿಂದ ಅಚ್ಚಾಗದ ಹಾಳೆಗೆ ಇಳಿಸುವ ಆ ಕೆಲಸದ ಬದಲು, ತನ್ನ ಊರಿನ ಒಬ್ಬ ನಿವೃತ್ತ ನಾವಿಕನ ಬಳಿ, ಅವನಿಲ್ಲವಾದರೆ ಅವನ ಮಡದಿಯ ಬಳಿ, ನಾಲ್ಕು ದಿನ ಕುಳಿತು ಬಾ ಎಂದು ವಿದ್ಯಾರ್ಥಿಗೆ ಹೇಳಬಾರದೇ? ಕಾಗದಪತ್ರ, ಛಾಯಾಚಿತ್ರ, ಟ್ರಂಕಿನ ತಳದ ಸಮವಸ್ತ್ರ, ಇವುಗಳ ಪಟ್ಟಿ ಮಾಡಿ ತಾ ಎನ್ನಬಾರದೇ? ವಿಶಾಖಪಟ್ಟಣದ ದಂಡೆಯಲ್ಲಿ ಕುರ್ಸುರಾ 2002ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅಲ್ಲಿ ನಿವೃತ್ತ ನಾವಿಕರೇ ಬಂದವರಿಗೆ ವಿವರಣೆ ಕೊಡುತ್ತ ಬಂದಿದ್ದಾರೆ. ಕಬ್ಬಿಣಕ್ಕೆ ಅವರ ದನಿ ಜೀವ ತುಂಬುತ್ತದೆ. ನಮ್ಮ ಕಾರವಾರದ ಚಪಲ್ ನೌಕೆಯ ಬದಿಯಲ್ಲಿ ಈ ಜಿಲ್ಲೆಯ ನಾವಿಕರ ಜೀವನಕಥನಗಳ ಒಂದು ಕಪಾಟು ಇಡುವುದು ದೊಡ್ಡ ವೆಚ್ಚದ ಮಾತೇನಲ್ಲ.

ಇದರಿಂದ ಕನ್ನಡಕ್ಕೂ ಲಾಭವಿದೆ. ಕಡಲ ಮೇಲಣ ಬಾಳಿಗೆ ನಮ್ಮಲ್ಲಿ ಹೇರಳವಾದ ಮಾತುಗಳುಂಟು. ಗಾಳಿಗೆ, ತೆರೆಗೆ, ಬಲೆಗೆ, ಮೀನಿಗೆ ಹರಿಕಂತರ ಮನೆಗಳಲ್ಲಿ ಇರುವ ಹೆಸರುಗಳನ್ನು ಯಾವ ನಿಘಂಟೂ ಪೂರ್ತಿ ಹಿಡಿದಿಲ್ಲ. ಕಡಲ ಕೆಳಗಣ ಬಾಳಿಗೆ ಮಾತ್ರ ‘ಜಲಾಂತರ್ಗಾಮಿ’ ಎಂಬ ಗಡುಸು ಪದವೊಂದನ್ನು ಕಟ್ಟಿ ನಾವು ಕೈತೊಳೆದುಕೊಂಡಿದ್ದೇವೆ. ಆ ಬಾಳನ್ನು ಬಾಳಿದವನು ತನ್ನ ಮನೆಮಾತಿನಲ್ಲಿ ಅದನ್ನು ಹೇಗೆ ಹೇಳಿಕೊಂಡಾನು? ಆಳದ ನಿಶ್ಶಬ್ದಕ್ಕೆ, ಎಣ್ಣೆ ಬೆರೆತ ಗಾಳಿಗೆ, ಬಾಗಿಲು ತೆರೆದೊಡನೆ ಮೂಗಿಗೆ ಬಡಿವ ನೆಲದ ವಾಸನೆಗೆ ಅವನು ಯಾವ ಮಾತನ್ನು ಕೊಟ್ಟಾನು? ಅವನು ಹೋದೊಡನೆ ಆ ಮಾತೂ ಹೋಗುತ್ತದೆ.

ಡಿಸೆಂಬರ್ 8ರಂದು ನೌಕಾದಳ ತನ್ನ ರೀತಿಯಲ್ಲಿ ಸಬ್‌ಮರೀನು ದಿನವನ್ನು ಆಚರಿಸುತ್ತದೆ. ಅದೇ ದಿನ ಸಂಜೆ ಭಾವಿಕೇರಿಯಲ್ಲಿಯೋ ಅಂಕೋಲೆಯಲ್ಲಿಯೋ ಒಂದು ಶಾಲೆಯ ಕೋಣೆಯಲ್ಲಿ ನಾಲ್ಕಾರು ಜನ ಕೂಡಲಿ. ಆ ವರ್ಷ ಅಗಲಿದ ನಾವಿಕರ ಹೆಸರನ್ನೂ ಅವರ ಬಾಳನ್ನು ಕುರಿತ ಒಂದು ಪುಟವನ್ನೂ, ಬರೆದ ವಿದ್ಯಾರ್ಥಿಯೇ ಎದ್ದು ನಿಂತು ಕನ್ನಡದಲ್ಲಿ ಓದಲಿ. ಅವರ ಮಕ್ಕಳು ಮೊಮ್ಮಕ್ಕಳು ಎದುರಿಗೆ ಕೂತು ಕೇಳಲಿ. ಅವರಲ್ಲಿ ಹಲವರು ತಮ್ಮ ಅಜ್ಜ ಏನು ಮಾಡುತ್ತಿದ್ದ ಎಂಬುದನ್ನು ಅಂದೇ ಮೊದಲ ಸಲ ಕೇಳಿದಂತಾದರೂ ಆಶ್ಚರ್ಯವಿಲ್ಲ.