ಕ್ರಿಯಾಟಿನಿನ್ ಏರುವವರೆಗೆ ಕಾಯಬೇಕೇ?

ಕಿಡ್ನಿ ಕಸಿಯಾದವರ ಮನೆಯಲ್ಲಿ ಅಜ್ಜಿಗೂ ಕ್ರಿಯಾಟಿನಿನ್ ಗೊತ್ತಿರುತ್ತದೆ. ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ಎಲ್ಲರ ಕಣ್ಣೂ ಕಿಡ್ನಿಯ ಕ್ಷಮತೆಯನ್ನು ಸೂಚಿಸುವ ಆ ಒಂದು ಅಂಕಿಯ ಮೇಲೆ. 1.2 ಇದ್ದದ್ದು 1.8 ಆಯಿತೆಂದರೆ ಅಂದು ರಾತ್ರಿ ಯಾರಿಗೂ ನಿದ್ದೆಯಿಲ್ಲ. ಆದರೆ ತಿರಸ್ಕಾರದಿಂದಾಗಿ ಆ ಅಂಕಿ ಏರುವ ಹೊತ್ತಿಗೆ ಕಿಡ್ನಿಗೆ ಪೆಟ್ಟು ಬಿದ್ದಾಗಿರುತ್ತದೆ.

ಬೇರೆಯವರ ಅಂಗವನ್ನು ರೋಗನಿರೋಧಕ ವ್ಯವಸ್ಥೆ ಪರಕೀಯವೆಂದು ಗುರುತಿಸಿ ಅದರ ಮೇಲೆ ಎರಗುವುದೇ ತಿರಸ್ಕಾರ. ಎಷ್ಟೋ ಸಲ ನೋವಿಲ್ಲ, ಜ್ವರವಿಲ್ಲ. ಖಚಿತಪಡಿಸಿಕೊಳ್ಳಲು ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಚುಚ್ಚಿ, ಕಿಡ್ನಿಯಿಂದ ನೂಲಿನೆಳೆಯಂಥ ಚೂರು ತೆಗೆಯಬೇಕು. ರಕ್ತಸ್ರಾವದ ಭಯವಿರುವ ಈ ಬಯಾಪ್ಸಿಯನ್ನು ವಾರವಾರ ಮಾಡಲಾಗದು.

ಮೂತ್ರವನ್ನು ಮಾತ್ರ ಎಷ್ಟು ಸಲ ಬೇಕಾದರೂ ಕೊಡಬಹುದು. ನ್ಯೂಯಾರ್ಕಿನ ವೈಲ್ ಕಾರ್ನೆಲ್‌ನ ಡಾ. ಮಾಣಿಕ್ಕಂ ಸುತಂತಿರನ್ ಮತ್ತು ಸಂಗಡಿಗರು ಹಿಡಿದದ್ದು ಇದೇ ಜಾಡು. ಕಸಿಯಾದ 485 ಮಂದಿಯಿಂದ ಸಂಗ್ರಹಿಸಿದ 4300 ಮೂತ್ರ ಮಾದರಿಗಳ ಅಧ್ಯಯನವನ್ನು ಅವರು 2013ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದರು. ಮಾದರಿಯನ್ನು ಯಂತ್ರದಲ್ಲಿ ರಭಸವಾಗಿ ತಿರುಗಿಸಿದಾಗ ಜೀವಕೋಶಗಳು ಕೊಳವೆಯ ತಳಕ್ಕೆ ಇಳಿಯುತ್ತವೆ. ಅವುಗಳ ಆರ್‌ಎನ್‌ಎ ಬೇರ್ಪಡಿಸಿ ಮೂರು ಗುರುತುಗಳನ್ನು ಅಳೆದರು. ಅವುಗಳಲ್ಲಿ ದಾಳಿಗಿಳಿಯುವ ಟಿ ಕೋಶಗಳದು ಒಂದು, ಅವನ್ನು ಕರೆಸಿಕೊಳ್ಳುವ ಐಪಿ-10 ಎಂಬ ಪ್ರೋಟೀನಿನದು ಇನ್ನೊಂದು. ಈ ಗುರುತುಗಳ ಒಟ್ಟು ಅಂಕ, ಬಯಾಪ್ಸಿಯಲ್ಲಿ ತಿರಸ್ಕಾರ ಪತ್ತೆಯಾಗುವ ವಾರಗಳ ಮೊದಲೇ ಏರತೊಡಗಿತ್ತು!

ಹಾಗೆಂದು ಬಯಾಪ್ಸಿಯ ಕಾಲ ಮುಗಿಯಿತೆನ್ನುವಂತಿಲ್ಲ. ಆ ಅಧ್ಯಯನದಲ್ಲಿ ಪರೀಕ್ಷೆ ನೂರು ತಿರಸ್ಕಾರಗಳಲ್ಲಿ ಹಿಡಿದದ್ದು ಸುಮಾರು 79. ತಿರಸ್ಕಾರವಿಲ್ಲದ ನೂರರಲ್ಲಿ 22ಕ್ಕೆ ಸುಳ್ಳು ಎಚ್ಚರಿಕೆ ಕೊಟ್ಟಿತು. ಮೂತ್ರದ ಸೋಂಕು, ಕಸಿಯಾದವರನ್ನು ಕಾಡುವ ಬಿಕೆ ವೈರಸ್ ಕೂಡ ಐಪಿ-10 ಅನ್ನು ಏರಿಸಬಲ್ಲವು. ಇದೇ ಪ್ರೋಟೀನನ್ನು ಮೂತ್ರದಲ್ಲಿ ಅಳೆದು, ಏರಿದವರಿಗೆ ಬಯಾಪ್ಸಿ ಮಾಡಿದ ಸ್ವಿಟ್ಜರ್ಲೆಂಡಿನ ಪ್ರಯೋಗವೊಂದರ ವರದಿ 2023ರಲ್ಲಿ ಬಂತು. ಮೊದಲ ವರ್ಷದ ಫಲಿತಾಂಶದಲ್ಲಿ ಅದರಿಂದ ಸುಧಾರಣೆ ಕಾಣಲಿಲ್ಲ. ಬೇಗ ತಿಳಿದ ಮೇಲೆ ಯಾರಿಗೆ ಯಾವ ಚಿಕಿತ್ಸೆ ಎಂಬುದು ಇನ್ನೂ ಇತ್ಯರ್ಥವಾಗಬೇಕು.

ಅದನ್ನು ನಮ್ಮ ರೋಗಿಗಳಲ್ಲೇ ಪರೀಕ್ಷಿಸಬೇಕು. ಭಾರತದಲ್ಲಿ ಕಸಿಯಾಗುವ ಕಿಡ್ನಿಗಳಲ್ಲಿ ಹೆಚ್ಚಿನವು ಬದುಕಿರುವವರು ಕೊಟ್ಟವು. ತಾಯಿಯದೋ ಹೆಂಡತಿಯದೋ ಆಗಿರುವುದೇ ಹೆಚ್ಚು. ಅದು ಕೈಕೊಟ್ಟರೆ ಆಕೆ ಇನ್ನೊಂದನ್ನು ಕೊಡಲಾರಳು. ಇನ್ನೊಬ್ಬ ದಾನಿ ಸಿಗದಿದ್ದರೆ ರೋಗಿಗೆ ಮತ್ತೆ ಡಯಾಲಿಸಿಸ್ಸೇ ಗತಿ. ಬಯಾಪ್ಸಿಗೆ ರಾಯಚೂರಿನಿಂದ ಬೆಂಗಳೂರಿಗೆ ಬರುವ ಕೂಲಿಕಾರನಿಗೆ ಪ್ರಯಾಣ, ಕೂಲಿ ನಷ್ಟ ಎರಡೂ ಹೊರೆ.

ಆರ್‌ಎನ್‌ಎ ಬೇಗ ಹಾಳಾಗುತ್ತದೆ, ಮಾದರಿಯನ್ನು ಕೂಡಲೇ ಸಂಸ್ಕರಿಸಬೇಕು. ಪ್ರೋಟೀನ್ ಅಳೆಯುವ ಪರೀಕ್ಷೆ ಅದಕ್ಕಿಂತ ಸರಳ. ಆದ್ದರಿಂದ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ನೆಫ್ರೊ ಯುರಾಲಜಿಯಂಥ ಸರ್ಕಾರಿ ಸಂಸ್ಥೆಗಳಲ್ಲಿ ಮೊದಲು ಐಪಿ-10 ಪರೀಕ್ಷೆಯ ಅಧ್ಯಯನ ನಡೆಯಲಿ. ಅದಕ್ಕೆ ರಾಜ್ಯ ಸರ್ಕಾರ ಹಣ ಒದಗಿಸಲಿ. ಮಾದರಿ ಸಂಗ್ರಹ ಜಿಲ್ಲಾಸ್ಪತ್ರೆಯಲ್ಲೇ ಆಗಲಿ, ರೋಗಿಯಿಂದ ಒಂದು ರೂಪಾಯಿಯನ್ನೂ ಕೇಳದಿರಲಿ.