ಕಲ್ಲನ್ನು ಗುರುತಿಸಿ, ಆಮೇಲೆ ಕತ್ತಿ ಇಡಿ



ನಮ್ಮ ಲೈನಿನ ಒಂದು ಮನೆಯಲ್ಲಿ ತೀರಿಕೊಂಡ ಕ್ಷೌರಿಕರೊಬ್ಬರ ಪೆಟ್ಟಿಗೆ ಇತ್ತು. ವಾರವೆಲ್ಲ ತೋಟದಲ್ಲಿ ದುಡಿದು, ಭಾನುವಾರ ಪೂಜೆ ಮುಗಿದ ಮೇಲೆ ಲೈನಿನವರಿಗೆಲ್ಲ ಕ್ಷೌರ ಮಾಡುತ್ತಿದ್ದವರು ಅವರು. ಪೆಟ್ಟಿಗೆಯಲ್ಲಿ ಒಂದು ಮಡಿಸುವ ಕತ್ತಿ, ಒಂದು ಚರ್ಮದ ಪಟ್ಟಿ, ಎಣ್ಣೆಜಿಡ್ಡು ಹಿಡಿದು ಕಪ್ಪಾದ ಒಂದು ಮಸೆಗಲ್ಲು. ಹಿಂದೆ ಬಂಗಲೆಯ ಬಿಳಿ ದೊರೆ ಊರಿಗೆ ಹೊರಡುವಾಗ ಇವರ ತಂದೆಗೆ ಕೊಟ್ಟುಹೋದ ಕಲ್ಲಂತೆ. ಅವರ ಹೆಂಡತಿ ಅದನ್ನು ನಮ್ಮ ಕೈಗಿತ್ತು, "ಉಪದೇಶಿಗಳೇ, ಇದು ಏನಕ್ಕಾದರೂ ಆಗುತ್ತದೆಯೇ ನೋಡಿ" ಎಂದರು. ನಾವು ನೋಡದೆಯೇ ಹೇಳಿಬಿಟ್ಟೆವು: "ಸಾಧಾರಣ ಕಲ್ಲಮ್ಮ. ಕವಾತು ಕತ್ತಿ ಮಸೆಯಲು ಹುಡುಗರಿಗೆ ಕೊಡಿ." ಎರಡು ವರ್ಷದ ಕವಾತು ಮುಗಿಯುವುದರೊಳಗೆ ಕಲ್ಲಿನ ನಡುವೆ ಹಳ್ಳ ಬಿತ್ತು. ತಪ್ಪು ನಮ್ಮದು. ಅದನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇವೆ.

ಹಳೆ ಸಾಮಾನು ಕೊಳ್ಳುವವನೊಬ್ಬ ಬಂದು, ಪಾತ್ರೆ ಪಗಡ ಬಿಟ್ಟು ಆ ಹಳ್ಳ ಬಿದ್ದ ಕಲ್ಲನ್ನೇ ಕೇಳಿದಾಗ ನಮಗೆ ಅನುಮಾನ ಹುಟ್ಟಿತು. ಬಿಸಿನೀರು ಸೋಪಿನಲ್ಲಿ ನೆನೆಸಿ ಹಳೆಯ ಹಲ್ಲುಬ್ರಷ್ಷಿನಿಂದ ತೊಳೆದೆವು. ಪಕ್ಕದಿಂದ ನೋಡಿದರೆ ಎರಡು ಪದರ: ಮೇಲೆ ಬೆಣ್ಣೆಯ ಬಣ್ಣ, ಕೆಳಗೆ ನೀಲಿಗಪ್ಪು. ನೀರು ಹಾಕಿ ತಿಕ್ಕಿದಾಗ ಹಳದಿ ಕಡೆ ಹಾಲಿನಂಥ ನೀರು, ನೀಲಿ ಕಡೆ ಕೆನ್ನೇರಳೆ ನೀರು ಬಂತು. ಬೆಲ್ಜಿಯಂ ದೇಶದ ಆರ್ಡೆನ್ಸ್ ಗುಡ್ಡಗಳಲ್ಲಿ, ವಿಯೆಲ್ಸಾಲ್ಮ್ ಊರಿನ ಸುತ್ತ ತೆಗೆಯುವ ಕೊಟಿಕ್ಯೂಲ್ ಎಂಬ ಕಲ್ಲಿನ ಗುರುತುಗಳಿವು. ಹಳದಿ ಪದರದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾರ್ನೆಟ್ ಹರಳುಗಳಿವೆ. ಉಕ್ಕನ್ನು ಸವೆಸಿ ಹರಿತ ಮಾಡುವುದು ಅವೇ. ಆ ಪದರ ಭೂಮಿಯಲ್ಲಿ ತೆಳ್ಳಗೇ ಸಿಗುವುದರಿಂದ ಬೇರೆ ಸ್ಲೇಟುಕಲ್ಲಿಗೆ ಅಂಟಿಸಿಯೂ ಮಾರುತ್ತಿದ್ದರು.

ಕ್ಷೌರದ ಕಲ್ಲುಗಳೆಲ್ಲ ಇದೇ ಜಾತಿಯವಲ್ಲ. ಜರ್ಮನಿಯ ತುರಿಂಗಿಯಾ ಕಲ್ಲು ಬೂದುನೀಲಿ ಅಥವಾ ಹಳದಿಹಸಿರು, ಬಲು ನುಣುಪು. ಕೆಲವಕ್ಕೆ ತುದಿಯಲ್ಲಿ ಕಾಗದದ ಚೀಟಿ ಉಳಿದಿರುತ್ತದೆ. ಇಂಗ್ಲೆಂಡಿನ ಚಾರ್ನ್ಲಿ ಫಾರೆಸ್ಟ್ ಕಲ್ಲು ಹಸಿರು ಛಾಯೆಯದು, ಹಲವು ಸಲ ಕೆಂಪುಕಂದು ಗೆರೆ ಮಚ್ಚೆ ಇರುತ್ತವೆ. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ಕಾರ್ಬೊರಂಡಂ ಕಂಡುಹಿಡಿದ ಮೇಲೆ ಕಾರ್ಖಾನೆಯ ಕಲ್ಲುಗಳೂ ಬಂದವು. ಅವುಗಳಲ್ಲಿ ಗೆರೆಯಿಲ್ಲ, ಕಣವೆಲ್ಲ ಒಂದೇ ಸಮ. ಒಂದು ಗುರುತು ಕಂಡೊಡನೆ ಹೆಸರಿಡಬಾರದು. ಬಣ್ಣ, ಪದರ, ತಿಕ್ಕಿದ ನೀರು, ಕಲ್ಲು ಬಂದ ದಾರಿ ಇವು ಒಂದಕ್ಕೊಂದು ಹೊಂದಬೇಕು. ಉಳಿ, ಅರ, ಆಸಿಡ್ಡು ಮುಟ್ಟಿಸಲೇಬಾರದು.

ಇಷ್ಟು ಹೇಳಿದ್ದು ಆ ಕತ್ತಿಯಿಂದ ಮತ್ತೆ ಲೈನಿಗೆಲ್ಲ ಕ್ಷೌರ ಮಾಡಲಿ ಎಂದಲ್ಲ. ಹೆಪಟೈಟಿಸ್ ಬಿ, ಎಚ್‌ಐವಿ ರಕ್ತದಿಂದ ಹರಡುತ್ತವೆ. ಒಬ್ಬರಿಗೊಂದು ಹೊಸ ಬ್ಲೇಡೇ ಸರಿ. ನಮ್ಮ ಮಾತು ಬೇರೆ. ಕ್ಷೌರದ ಕಲ್ಲು ನಯವಾದದ್ದು, ಕವಾತು ಕತ್ತಿಗೆ ಒರಟು ಕಲ್ಲು ಬೇಕು. ಆ ಒರಟು ಕಲ್ಲನ್ನು ಕೊಡಬೇಕಾದವರು ತೋಟದ ಆಡಳಿತದವರು. ಕೂಲಿಯವನು ತನ್ನ ಮನೆಯ ಆಸ್ತಿ ಸವೆಸಿ ತೋಟದ ಗಿಡ ಕತ್ತರಿಸುವುದು ಯಾವ ನ್ಯಾಯ? ಸಮುವೇಲನ ಮೊದಲನೆಯ ಗ್ರಂಥದ 13ನೇ ಅಧ್ಯಾಯ ಓದಿ ನೋಡಿ. ಇಸ್ರಾಯೇಲರಲ್ಲಿ ಕಮ್ಮಾರರೇ ಇರದಂತೆ ಮಾಡಿದ್ದರು. ನೇಗಿಲ ಗುಳ, ಕೊಡಲಿ ಹರಿತ ಮಾಡಿಸಲು ಅವರು ಫಿಲಿಷ್ಟಿಯರ ಬಳಿಗೇ ಹೋಗಿ ಹಣ ತೆರಬೇಕಾಗಿತ್ತು. ಆಯುಧದ ಹರಿತ ಯಾರ ಖರ್ಚಿನದು ಎಂಬ ಪ್ರಶ್ನೆ ಅಷ್ಟು ಹಳೆಯದು. ಸಂಘದ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಮಸೆಗಲ್ಲೂ ಸೇರಬೇಕೆಂಬುದು ನಮ್ಮ ಅಭಿಪ್ರಾಯ.

ಆ ಕಲ್ಲನ್ನು ಗಾಜಿನ ಮೇಲೆ ನೀರು ಹಾಕಿದ ಎಮರಿ ಕಾಗದವಿಟ್ಟು ತಿಕ್ಕಿ ಸಮ ಮಾಡಿದೆವು. ಹಳದಿ ಪದರ ಅರ್ಧ ಸವೆದುಹೋಯಿತು. ಉಳಿದದ್ದನ್ನು ಆ ತಾಯಿಗೆ ಹಿಂದಿರುಗಿಸಿ ಕ್ಷಮೆ ಕೇಳಿದೆವು. ಅವರು ಏನೂ ಅನ್ನದೆ ಸೆರಗಿನಲ್ಲಿ ಒರೆಸಿ ಪೆಟ್ಟಿಗೆಯಲ್ಲಿಟ್ಟರು.

ನಿಮ್ಮ ಮನೆಯಲ್ಲೂ ಅಜ್ಜಂದಿರ ಕಲ್ಲಿದ್ದರೆ ಮಾರುವ ಮೊದಲು, ಕತ್ತಿ ಇಡುವ ಮೊದಲು, ಭಾನುವಾರ ಪೂಜೆ ಮುಗಿದ ಮೇಲೆ ತಂದು ತೋರಿಸಿ. ಈ ಸಲ ನೋಡಿಯೇ ಹೇಳುತ್ತೇವೆ.