ಯಾರ ‘ಲೈಫ್‌ಟೈಮ್’?



35 ವರ್ಷ ಕನ್ನಡ ವ್ಯಾಕರಣ ಕಲಿಸಿದವನಿಗೆ ಒಂದು ಪದ ಅಪಾರ್ಥದಲ್ಲಿ ಬಳಕೆಯಾದರೆ ಸುಮ್ಮನಿರಲಾಗದು. ಈಚೆಗೆ ನನ್ನನ್ನು ಕೆಣಕಿದ ಪದ ‘ಲೈಫ್‌ಟೈಮ್’.

ಎಡಮಂಡಿ ಕ್ಲಚ್ ತುಳಿಯಲು ಒಲ್ಲೆನೆಂದ ಮೇಲೆ ನಾನು ಆಟೊಮ್ಯಾಟಿಕ್ ಗೇರಿನ ಕಾರು ಕೊಂಡದ್ದನ್ನು ನೀವು ಬಲ್ಲಿರಿ. ಎಂಟು ವರ್ಷಗಳಲ್ಲಿ ಅದು 70,000 ಕಿ.ಮೀ. ಓಡಿದೆ. ವಾರಕ್ಕೆರಡು ಬಾರಿ ಶಿವಮೊಗ್ಗದಿಂದ ಭದ್ರಾವತಿಗೆ, ಆಗಾಗ್ಗೆ ಆಗುಂಬೆ ಘಾಟಿಗೆ. ಕೆಲವು ತಿಂಗಳಿಂದ ಗೇರು ಬದಲಾಗುವಾಗ ಜಗ್ಗತೊಡಗಿತು. ಸರ್ವೀಸಿಗೆ ಬಿಟ್ಟಲ್ಲಿ ತರುಣನೊಬ್ಬ, “ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್ ಸರ್, ಮುಟ್ಟೋದೇ ಬೇಡ” ಎಂದ. “ಯಾರ ಲೈಫಪ್ಪಾ? ಕಾರಿನದೋ, ನನ್ನದೋ, ವಾರಂಟಿಯದೋ?” ಎಂದೆ. ನಕ್ಕನೇ ಹೊರತು ಉತ್ತರಿಸಲಿಲ್ಲ.

ಈ ಎಣ್ಣೆ ಬರಿಯ ಜಿಡ್ಡಲ್ಲ. ಎಂಜಿನ್ನಿನ ಶಕ್ತಿಯನ್ನು ಗೇರಿಗೆ ದಾಟಿಸುವುದು, ಒತ್ತಡದಿಂದ ಕ್ಲಚ್ ತಟ್ಟೆಗಳನ್ನು ಅದುಮುವುದು, ಸವಕಳಿ ತಡೆಯುವುದು, ತಂಪು ಮಾಡುವುದು, ಇಷ್ಟೂ ಅದರ ಹೊಣೆ. ಘಾಟಿಯಲ್ಲಿ ಅದು ಕಾಯುತ್ತದೆ. ಕಾದು ಕಾದು ಸತ್ವ ಕಳೆದುಕೊಳ್ಳುತ್ತದೆ. ತಟ್ಟೆಗಳು ಸವೆದ ಪುಡಿಯೂ ಅದರಲ್ಲೇ ಸೇರುತ್ತದೆ. ಒಗ್ಗರಣೆಯ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಬಾರದೆನ್ನುವ ನಾವು ಇದನ್ನು ಮಾತ್ರ ಅಮೃತವೆಂದು ನಂಬುವುದೇಕೆ?

ಕಾರಿನೊಡನೆ ಬಂದ ಪುಸ್ತಕವನ್ನು ಅಂದು ಮೊದಲ ಬಾರಿ ಓದಿದೆ. ಗುಡ್ಡಗಾಡಿನ ಹಾದಿ, ನಿಂತು ನಿಂತು ಸಾಗುವ ಸಂಚಾರವಿದ್ದರೆ ಎಣ್ಣೆ ಬದಲಾಯಿಸಬೇಕೆಂದು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು! ಪಾಠ ಓದದೆ ಪರೀಕ್ಷೆಗೆ ಬಂದವರನ್ನು ಗದರಿಸಿದವನು ನಾನು. ನಾಚಿಕೆಯಾಯಿತು.

ಭದ್ರಾವತಿಯಲ್ಲಿ ನನ್ನ ಬಳಿ ಓದಿದ ಶಿಷ್ಯನೊಬ್ಬ 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾಗಿದ್ದಾನೆ. ಭಾನುವಾರ ಅವನೇ ಮನೆಗೆ ಬಂದ. ಕಾರನ್ನು ಬರಿಯ ಜಾಕಿನ ಮೇಲೆ ನಿಲ್ಲಿಸಗೊಡದೆ ನಾಲ್ಕು ಸ್ಟ್ಯಾಂಡ್ ಕೊಟ್ಟು ಸಮಮಟ್ಟದಲ್ಲಿಟ್ಟ. “ಮೊದ್ಲು ಎಣ್ಣೆ ತುಂಬೋ ಬೋಲ್ಟ್ ಬಿಚ್ಚುತ್ತೋ ನೋಡ್ಬೇಕು ಸಾರ್. ಕೆಳಗಿಂದು ಬಿಚ್ಚಿದ್ಮೇಲೆ ಇದು ಕೂತ್ಕೊಂಡ್ರೆ ಕಾರು ಇಲ್ಲೇ” ಎಂದ. ಹೊಸದಿದ್ದಾಗ ಕೆಂಪಗಿದ್ದ ಎಣ್ಣೆ ಡಿಕಾಕ್ಷನ್ನಿನಂತೆ ಸುರಿಯಿತು. ಅಳೆದೆವು: ಮೂರೂವರೆ ಲೀಟರ್. ಪುಸ್ತಕದಲ್ಲಿ ಹೆಸರಿಸಿದ ದರ್ಜೆಯದನ್ನೇ ಅಷ್ಟೇ ತುಂಬಿ, ಎಂಜಿನ್ ಚಾಲೂ ಇಟ್ಟು, ಹೇಳಿದ ಉಷ್ಣತೆಯಲ್ಲಿ ಮಟ್ಟ ನೋಡಿದೆವು. ಟಾರ್ಕ್ ಕನ್ವರ್ಟರಿನಲ್ಲಿ ಹಳೆಯದು ಉಳಿಯುವುದರಿಂದ ಮುಂದಿನ ವಾರ ಇನ್ನೊಮ್ಮೆ ಹಾಗೆಯೇ ಮಾಡಿದೆವು.

ಜಗ್ಗುವುದು ಕಡಿಮೆಯಾಗಿದೆ; ಪೂರ್ತಿ ನಿಂತಿಲ್ಲ. ಆ ಪದವನ್ನು ಎಂಟು ವರ್ಷ ನಂಬಿದ್ದಕ್ಕೆ ತೆತ್ತ ದಂಡವದು ಎಂದೇ ನನ್ನ ಎಣಿಕೆ.

ಎಲ್ಲರೂ ಸ್ಪ್ಯಾನರ್ ಹಿಡಿಯಿರಿ ಎನ್ನುತ್ತಿಲ್ಲ. ಸಿವಿಟಿ ಗೇರಿನ ಎಣ್ಣೆಯೇ ಬೇರೆ, ಎಎಂಟಿಯದೇ ಬೇರೆ. ಒಂದರದು ಇನ್ನೊಂದಕ್ಕೆ ಸಲ್ಲದು. ಎಣ್ಣೆ ಸುಟ್ಟ ವಾಸನೆ ಬಂದರೆ, ಎಂಜಿನ್ ಕೂಗಿದರೂ ಕಾರು ಮುಂದೆ ಸಾಗದಿದ್ದರೆ, ಬಲ್ಲವರಿಗೆ ತೋರಿಸಿ. ಆದರೆ “ನಿಮಗೇಕೆ ಮೇಷ್ಟ್ರೇ ಈ ಮಸಿ ಕೆಲಸ?” ಎಂದ ನೆಂಟರಿಗೆ ನನ್ನ ಉತ್ತರವಿಷ್ಟೆ: ಕೈಗೆ ಮಸಿಯಾದರೆ ತೊಳೆದರೆ ಹೋಗುತ್ತದೆ. ಕೇಳದೆ ನಂಬುವ ಅಭ್ಯಾಸ ಹಾಗೆ ಹೋಗದು.

ಇನ್ನೊಂದು ಮಾತು, ಇದರಲ್ಲಿ ರಿಯಾಯಿತಿಯಿಲ್ಲ. ತೆಗೆದ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಶಿವಮೊಗ್ಗದಲ್ಲಿ ಚೆಲ್ಲಿದ್ದು ತುಂಗೆಗೆ, ಭದ್ರಾವತಿಯಲ್ಲಿ ಚೆಲ್ಲಿದ್ದು ಭದ್ರೆಗೆ. ಕೂಡಲಿಯಲ್ಲಿ ಎರಡೂ ಒಂದಾಗುತ್ತವೆ. ನಮ್ಮ ಏಳು ಲೀಟರನ್ನು ಕ್ಯಾನಿನಲ್ಲಿ ಮುಚ್ಚಿಟ್ಟು, ಹಳೆಯ ಎಣ್ಣೆಯನ್ನು ಅಧಿಕೃತ ಮರುಸಂಸ್ಕರಣೆಗೆ ಕಳಿಸುವ ಗ್ಯಾರೇಜಿಗೆ ಒಪ್ಪಿಸಿದೆವು. ಅಷ್ಟು ಮಾಡಲಾಗದಿದ್ದರೆ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಈ ಭಾನುವಾರ ನಿಮ್ಮ ಕಾರಿನ ಪುಸ್ತಕ ತೆರೆದು ಸಣ್ಣಕ್ಷರ ಓದಿ. ಏನು ಬರೆದಿದೆಯೆಂದು ನನಗೂ ತಿಳಿಸಿ.